ಪರಮಾಣು ಮೋಡ ಮೂಡದಿದ್ದಾಗ: ರುಬಿಡಿಯಂ ‘ಮಾಟ್’ ದೋಷ ನಿವಾರಣೆ ಕೈಪಿಡಿ

ನಿರ್ವಾತ ಕೋಣೆಯ ನಡುವೆ ಆರು ಲೇಸರ್ ಕಿರಣಗಳು ಸೇರುತ್ತವೆ. ವಿರುದ್ಧ ದಿಕ್ಕಿನಲ್ಲಿ ವಿದ್ಯುತ್ ಹರಿಯುವ ಎರಡು ತಂತಿಸುರುಳಿಗಳ ಕಾಂತಕ್ಷೇತ್ರ ಅದೇ ಜಾಗದಲ್ಲಿ ಶೂನ್ಯವಾಗುತ್ತದೆ. ಎಲ್ಲವೂ ಸರಿಯಿದ್ದರೆ ರುಬಿಡಿಯಂ ಪರಮಾಣುಗಳು ಆ ಬಿಂದುವಿನ ಸುತ್ತ ನಿಧಾನಗೊಂಡು ಒಟ್ಟುಗೂಡಿ, ಕ್ಯಾಮೆರಾದ ಪರದೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿಯ ಮೋಡವಾಗಿ ಕಾಣುತ್ತವೆ. ಇದರ ಪೂರ್ಣ ಹೆಸರು ಮ್ಯಾಗ್ನೆಟೋ-ಆಪ್ಟಿಕಲ್ ಟ್ರ್ಯಾಪ್. ಪ್ರಯೋಗಾಲಯದಲ್ಲಿ ಎಲ್ಲರೂ ಕರೆಯುವುದು ‘ಮಾಟ್’ ಎಂದೇ. 1987ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸೋಡಿಯಂ ಪರಮಾಣುಗಳಿಂದ ಮೊದಲು ಸಾಧಿಸಿದ ಈ ಬಲೆ ಇಂದು ಕಾರಂಜಿ ಮಾದರಿಯ ಪರಮಾಣು ಗಡಿಯಾರಗಳಿಗೂ ಪರಮಾಣುಗಳನ್ನು ಬೀಳಿಸಿ ಗುರುತ್ವವನ್ನು ಅಳೆಯುವ ಮಾಪಕಗಳಿಗೂ ಮೊದಲ ಮೆಟ್ಟಿಲಾಗಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಲ್ಲಿ ಶೀತ ಪರಮಾಣುಗಳ ಮೇಲೆ ಕೆಲಸ ನಡೆಯುತ್ತಿದೆ. ಇಂತಹ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿ, ಒಂದು ಬೆಳಿಗ್ಗೆ ಪರದೆ ಖಾಲಿಯಾಗಿರುವುದನ್ನು ಕಂಡು ದಿಕ್ಕು ತೋಚದೆ ನಿಂತ ವಿದ್ಯಾರ್ಥಿಗಳಿಗಾಗಿ ಈ ಬರಹ.

ಇಲ್ಲಿ ಹೇಳುವುದೆಲ್ಲ ರುಬಿಡಿಯಂ-87 ಬಳಸುವ, 780 ನ್ಯಾನೋಮೀಟರ್ ಡಯೋಡ್ ಲೇಸರ್‌ಗಳಿಂದ ನಡೆಯುವ, ಕೋಣೆಯೊಳಗಿನ ತೆಳು ಆವಿಯಿಂದಲೇ ಪರಮಾಣುಗಳನ್ನು ಹಿಡಿಯುವ ಸಾಮಾನ್ಯ ವ್ಯವಸ್ಥೆಗೆ ಅನ್ವಯಿಸುತ್ತದೆ.

ಕೈ ಹಾಕುವ ಮುನ್ನ

780 ನ್ಯಾನೋಮೀಟರ್ ಬೆಳಕು ನಮ್ಮ ಕಣ್ಣಿಗೆ ಮಂದವಾದ ಕೆಂಪಾಗಿ ಮಾತ್ರ ಕಾಣುತ್ತದೆ. ಹತ್ತಾರು ಮಿಲಿವ್ಯಾಟ್‌ನ ಕಿರಣ ಕೂಡ ಕಾಗದದ ಮೇಲೆ ಬಡಕಲಾಗಿ ತೋರುತ್ತದೆ. ಅದನ್ನು ನಂಬಿ ಮೋಸ ಹೋಗಬಾರದು. ಕಣ್ಣು ಮಂದವೆಂದು ಭಾವಿಸುವ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ, ಆದರೆ ರೆಟಿನಾ ಸುಡುವುದಕ್ಕೆ ಅಷ್ಟು ಬೆಳಕು ಸಾಕು. ಈ ತರಂಗಾಂತರಕ್ಕೆಂದೇ ಗುರುತಿಸಿದ ಸುರಕ್ಷತಾ ಕನ್ನಡಕವನ್ನು ಧರಿಸಿರಿ, ಕೈಗಡಿಯಾರ ಮತ್ತು ಉಂಗುರಗಳನ್ನು ತೆಗೆದಿಡಿರಿ, ಮೇಜಿನ ಮೇಲೆ ಬಿದ್ದ ಸ್ಕ್ರೂ ಎತ್ತಲು ಬಗ್ಗುವಾಗ ಕಿರಣದ ಮಟ್ಟಕ್ಕೆ ಕಣ್ಣು ತರಬೇಡಿರಿ. ಕೋಣೆಯ ನಿರ್ವಾತವನ್ನು ಕಾಯುವ ಅಯಾನ್ ಪಂಪ್‌ಗೆ ಹಲವು ಸಾವಿರ ವೋಲ್ಟ್ ಹೋಗುತ್ತಿರುತ್ತದೆ. ಅದರ ಕೇಬಲ್ ಚಾಲೂ ಇರುವಾಗ ಕಳಚಬಾರದು. ಸುರುಳಿಗಳ ತಂತಿಯನ್ನೂ ವಿದ್ಯುತ್ ಹರಿಯುತ್ತಿರುವಾಗ ಬಿಚ್ಚಬಾರದು. ಸುರುಳಿಯಲ್ಲಿ ಕೂಡಿಟ್ಟ ಶಕ್ತಿ ಕಿಡಿಯಾಗಿ ಹೊರಬರುತ್ತದೆ.

ಇನ್ನೊಂದು ಮಾತನ್ನು ಮೊದಲೇ ಒತ್ತಿ ಹೇಳುತ್ತೇನೆ: ಕನ್ನಡಿಗಳ ತಿರುಪುಗಳನ್ನು ಕೊನೆಗೆ ಮುಟ್ಟಬೇಕು. ಮೋಡ ಕಾಣದಿದ್ದಾಗ ಕೈ ತಾನಾಗಿ ಹತ್ತಿರದ ಕನ್ನಡಿಯತ್ತ ಹೋಗುತ್ತದೆ, ಏಕೆಂದರೆ ತಿರುಗಿಸಲು ಸಿಗುವುದು ಅದೊಂದೇ. ಆದರೆ ನಿನ್ನೆ ಸಂಜೆ ಸರಿಯಾಗಿದ್ದ ಆರು ಕಿರಣಗಳೂ ಒಂದೇ ರಾತ್ರಿಯಲ್ಲಿ ದಾರಿ ತಪ್ಪುವುದು ಅಪರೂಪ. ಲೇಸರ್‌ನ ಆವೃತ್ತಿ ಜಾರುವುದು ಮಾತ್ರ ದಿನನಿತ್ಯದ ಸಂಗತಿ. ತಪ್ಪಿಲ್ಲದ ಕನ್ನಡಿಯನ್ನು ತಿರುಗಿಸಿದರೆ ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ, ಆಮೇಲೆ ಯಾವ ಲಕ್ಷಣ ಯಾವುದಕ್ಕೆ ಸೇರಿದ್ದೆಂದು ಬಿಡಿಸುವುದೇ ಕಷ್ಟ. ದಿನಚರಿ ಪುಸ್ತಕದಲ್ಲಿ ಡಯೋಡ್‌ನ ವಿದ್ಯುತ್ ಪ್ರವಾಹ, ಅದರ ಉಷ್ಣತೆ, ಸುರುಳಿಯ ಪ್ರವಾಹ, ಪಂಪ್‌ನ ಓದು ಇವಿಷ್ಟನ್ನು ಮೋಡ ಚೆನ್ನಾಗಿದ್ದ ದಿನ ಬರೆದಿಟ್ಟಿದ್ದರೆ ಇಂದಿನ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಲಕ್ಷಣ: ರೆಫರೆನ್ಸ್ ಸೆಲ್‌ನಲ್ಲಿ ಹೊಳಪಿಲ್ಲ, ಆಸಿಲೋಸ್ಕೋಪ್‌ನಲ್ಲಿ ಸಮತಟ್ಟಾದ ಗೆರೆ

ರೆಫರೆನ್ಸ್ ಸೆಲ್ ಎಂದರೆ ಲೇಸರ್‌ನ ಆವೃತ್ತಿ ಪರೀಕ್ಷಿಸಲು ಇಟ್ಟ, ರುಬಿಡಿಯಂ ಆವಿ ತುಂಬಿದ ಗಾಜಿನ ಕೊಳವೆ. ಇಲ್ಲಿ ದೋಷ ನಿರ್ವಾತ ಕೋಣೆಗೆ ಇನ್ನೂ ತಲುಪಿಯೇ ಇಲ್ಲ. ಲೇಸರ್ ರುಬಿಡಿಯಂನ ರೇಖೆಯ ಮೇಲೆ, ಅಂದರೆ ಅದು ಹೀರುವ ನಿರ್ದಿಷ್ಟ ಆವೃತ್ತಿಯ ಮೇಲೆ ಇಲ್ಲ. ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿರಿ. ಕಿರಣ ರೆಫರೆನ್ಸ್ ಸೆಲ್ ದಾಟಿ ಫೋಟೋಡಯೋಡ್ ಮೇಲೆ ಬೀಳುತ್ತಿದೆಯೇ, ಫೋಟೋಡಯೋಡ್‌ನ ಬ್ಯಾಟರಿ ಮುಗಿದಿದೆಯೇ, ಆವೃತ್ತಿಯನ್ನು ಹಿಂದೆ ಮುಂದೆ ಓಡಿಸುವ ಪೀಜೋಗೆ ಸಂಕೇತ ಹೋಗುತ್ತಿದೆಯೇ ಎಂಬುದನ್ನು ನೋಡಿರಿ. ಬ್ಯಾಟರಿಯ ಮಾತು ಸಣ್ಣದೆನಿಸಬಹುದು. ಆದರೆ ಇಂತಹ ಬೆಳಗುಗಳಲ್ಲಿ ಅದು ಕಾರಣವಾಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಇವೆಲ್ಲ ಸರಿಯಿದ್ದರೆ ಡಯೋಡ್‌ನ ಉಷ್ಣತೆ ಮತ್ತು ಪ್ರವಾಹವನ್ನು ಪುಸ್ತಕದಲ್ಲಿ ಬರೆದ ಮೌಲ್ಯಕ್ಕೆ ತಂದು, ಉಷ್ಣತೆ ನೆಲೆಗೊಳ್ಳಲು ಕನಿಷ್ಠ ಅರ್ಧ ಗಂಟೆ ಬಿಡಿರಿ. ನಂತರ ಪ್ರವಾಹವನ್ನು ನಿಧಾನವಾಗಿ ಬದಲಿಸುತ್ತ, ಸೆಲ್‌ನೊಳಗೆ ಕಿರಣದ ದಾರಿಯುದ್ದಕ್ಕೂ ಮಿಂಚಿ ಮಾಯವಾಗುವ ಗೆರೆಯನ್ನು ಅತಿಗೆಂಪು ಬೆಳಕು ಕಾಣುವ ಕ್ಯಾಮೆರಾದಲ್ಲಿ ಹುಡುಕಿರಿ. ಗೆರೆ ಸಿಗದಿದ್ದರೆ ತರಂಗಾಂತರ ಮಾಪಕದಲ್ಲಿ 780.24 ನ್ಯಾನೋಮೀಟರ್ ಬರುತ್ತಿದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ.

ಲೇಸರ್ ಹೊರಸೂಸಲು ಆರಂಭಿಸುವ ಕನಿಷ್ಠ ಪ್ರವಾಹ, ಅಂದರೆ ಥ್ರೆಶೋಲ್ಡ್, ಹಿಂದಿಗಿಂತ ಹೆಚ್ಚಾಗಿದ್ದರೆ ಎರಡು ಸಾಧ್ಯತೆಗಳಿವೆ. ತರಂಗಾಂತರ ಆಯುವ ಗೀರುಫಲಕವಾದ ಗ್ರೇಟಿಂಗ್‌ನಿಂದ ಡಯೋಡ್‌ಗೆ ಮರಳುವ ಬೆಳಕು ದಾರಿ ತಪ್ಪಿರಬಹುದು. ಅದನ್ನು ಗ್ರೇಟಿಂಗ್‌ನ ಲಂಬ ತಿರುಪಿನಿಂದ ಸರಿಪಡಿಸಬಹುದು. ಅಥವಾ ಡಯೋಡ್‌ಗೇ ಪೆಟ್ಟಾಗಿರಬಹುದು. ಗಾಳಿ ಒಣಗಿರುವ ತಿಂಗಳುಗಳಲ್ಲಿ ಮೈಮೇಲಿನ ಸ್ಥಿರವಿದ್ಯುತ್ತು ಡಯೋಡನ್ನು ಕೊಲ್ಲುತ್ತದೆ. ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಳ್ಳದೆ ಲೇಸರ್ ಪೆಟ್ಟಿಗೆಯ ಮುಚ್ಚಳ ತೆಗೆಯಬಾರದು. ಕರೆಂಟ್ ಹೋಗಿ ಬಂದಾಗಲೂ ಹೀಗೆಯೇ: ಪ್ರವಾಹದ ಗುಂಡಿಯನ್ನು ಸೊನ್ನೆಗೆ ಇಳಿಸಿದ ಮೇಲೆಯೇ ಲೇಸರ್ ಹಚ್ಚಬೇಕು. ಗ್ರೇಟಿಂಗ್ ಸರಿಪಡಿಸಿದರೂ ಥ್ರೆಶೋಲ್ಡ್ ಇಳಿಯದಿದ್ದರೆ ಅಲ್ಲಿಗೆ ನಿಲ್ಲಿಸಿ, ಡಯೋಡ್ ಬದಲಿಸಿ ಅನುಭವವಿರುವವರನ್ನು ಕರೆಯಿರಿ.

ಹೊಳಪು ಇದ್ದೂ ಸಂಕೇತ ಮಾತ್ರ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಸೆಲ್‌ನ ಕಿಟಕಿಗಳನ್ನು ಓರೆಯಾಗಿ ಬೆಳಕು ಹಿಡಿದು ನೋಡಿರಿ. ರುಬಿಡಿಯಂ ಕರಗುವುದು 39.3 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಸೆಲ್‌ನ ಅತಿ ತಣ್ಣನೆಯ ಜಾಗದಲ್ಲಿ ಕೂರುತ್ತದೆ. ಆ ಜಾಗ ಕಿಟಕಿಯೇ ಆಗಿದ್ದರೆ ಬೆಳ್ಳಿಯಂತಹ ಪೊರೆ ಕಟ್ಟಿರುತ್ತದೆ. ಕಿಟಕಿಗಳನ್ನು ಸೆಲ್‌ನ ಬಾಲಕ್ಕಿಂತ ಸ್ವಲ್ಪ ಬೆಚ್ಚಗೆ ಇಟ್ಟರೆ ಪೊರೆ ಬಿಡುತ್ತದೆ. ಸೆಲ್ ಒಡೆದರೆ ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ನೀರು ಹಾಕಬಾರದು. ರುಬಿಡಿಯಂ ನೀರಿನೊಂದಿಗೆ ಸಿಡಿಯುವಂತೆ ವರ್ತಿಸುತ್ತದೆ.

ಲಕ್ಷಣ: ಕೋಣೆಯೊಳಗೆ ಕಿರಣಗಳು ಮಿನುಗುತ್ತಿವೆ, ಮೋಡ ಮಾತ್ರ ಇಲ್ಲ

ಹೆಚ್ಚಿನವರು ಸಿಲುಕುವುದು ಇಲ್ಲಿಯೇ, ಅದೂ ಒಂದು ತಪ್ಪು ತಿಳಿವಳಿಕೆಯಿಂದ. ಮಿನುಗು ಕಂಡ ಕೂಡಲೇ ಆವೃತ್ತಿ ಸರಿಯಿದೆ ಎಂದು ನಂಬಿಬಿಡುತ್ತೇವೆ. ಕೋಣೆಯ ಉಷ್ಣತೆಯಲ್ಲಿರುವ ಪರಮಾಣುಗಳು ಎಲ್ಲ ದಿಕ್ಕುಗಳಲ್ಲೂ ಓಡುತ್ತಿರುವುದರಿಂದ ಡಾಪ್ಲರ್ ಪರಿಣಾಮ ಅವುಗಳ ರೇಖೆಯನ್ನು ಸುಮಾರು 500 ಮೆಗಾಹರ್ಟ್ಸ್‌ನಷ್ಟು ಅಗಲಿಸಿರುತ್ತದೆ. ಲೇಸರ್ ಆ ಅಗಲದಲ್ಲಿ ಎಲ್ಲಿದ್ದರೂ ಯಾವುದೋ ವೇಗದ ಪರಮಾಣುಗಳು ಮಿನುಗುತ್ತವೆ. ಬಲೆಗೆ ಬೇಕಾದ ನಿಖರತೆ ಬೇರೆಯೇ ಮಟ್ಟದ್ದು. ಪರಮಾಣು ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಏರುವ ಈ ಪರಿವರ್ತನೆಯ ಸಹಜ ಅಗಲ 6 ಮೆಗಾಹರ್ಟ್ಸ್. ಲೇಸರ್ ಅನುರಣನಕ್ಕಿಂತ (ಪರಮಾಣು ಬೆಳಕನ್ನು ಅತಿ ಹೆಚ್ಚು ಹೀರುವ ಆವೃತ್ತಿಗಿಂತ) ಅದರ ಎರಡು ಮೂರು ಪಟ್ಟು ಮಾತ್ರ ಕೆಳಗಿರಬೇಕು.

ಆದ್ದರಿಂದ ಮೊದಲ ಪ್ರಶ್ನೆ: ಲೇಸರ್ ಲಾಕ್ ಆಗಿರುವುದು, ಅಂದರೆ ಅದರ ಆವೃತ್ತಿಯನ್ನು ಕಟ್ಟಿಹಾಕಿರುವುದು, ಯಾವ ಶಿಖರದ ಮೇಲೆ? ಲಾಕ್ ಬಿಡಿಸಿ, ಆವೃತ್ತಿಯನ್ನು ಅಗಲವಾಗಿ ಓಡಿಸಿ, ಹೀರಿಕೆಯ ನಾಲ್ಕು ಕಣಿವೆಗಳನ್ನು ಗುರುತಿಸಿರಿ. ಎಫ್ ಎಂಬುದು ಪರಮಾಣುವಿನ ಶಕ್ತಿಮಟ್ಟದ ಉಪಮಟ್ಟಗಳಿಗೆ ಕೊಟ್ಟ ಸಂಖ್ಯೆ. ಆವೃತ್ತಿ ಏರುವ ದಿಕ್ಕಿನಲ್ಲಿ ಮೊದಲನೆಯದು ರುಬಿಡಿಯಂ-87ರ ಎಫ್=2, ನಂತರ ರುಬಿಡಿಯಂ-85ರ ಎರಡು, ಕೊನೆಯದು ರುಬಿಡಿಯಂ-87ರ ಎಫ್=1. ನಿಸರ್ಗದ ರುಬಿಡಿಯಂನಲ್ಲಿ 72 ಶೇಕಡಾ ರುಬಿಡಿಯಂ-85 ಆಗಿರುವುದರಿಂದ ಎಲ್ಲಕ್ಕಿಂತ ಆಳವಾದ ಕಣಿವೆ ಅದರದ್ದು, ನಮಗೆ ಬೇಕಾದದ್ದಲ್ಲ. ಆಳವಾದದ್ದೇ ಸರಿಯೆಂದು ಲಾಕ್ ಮಾಡಿದರೆ ದಿನವಿಡೀ ಕಾದರೂ ಮೋಡ ಬಾರದು.

ಸರಿಯಾದ ಕಣಿವೆಯೊಳಗೂ ಆರು ಚಿಕ್ಕ ಶಿಖರಗಳಿರುತ್ತವೆ: ಮೂರು ನಿಜವಾದವು, ಮೂರು ಕ್ರಾಸ್‌ಓವರ್‌ಗಳು, ಅಂದರೆ ಎರಡು ನಿಜವಾದ ಶಿಖರಗಳ ನಟ್ಟನಡುವೆ ಮೂಡುವ ಹುಸಿ ಶಿಖರಗಳು. ಹಲವು ಪ್ರಯೋಗಾಲಯಗಳಲ್ಲಿ ಮೇಲಿನ ಮಟ್ಟದ 2 ಮತ್ತು 3ರ ನಡುವಿನ ಕ್ರಾಸ್‌ಓವರ್‌ಗೆ ಲಾಕ್ ಮಾಡುತ್ತಾರೆ, ಏಕೆಂದರೆ ಅದೇ ಎಲ್ಲಕ್ಕಿಂತ ಎತ್ತರ. ಅದು ನಮಗೆ ಬೇಕಾದ, ಮೇಲಿನ ಮಟ್ಟದ 3ಕ್ಕೆ ಏರಿಸುವ ಪರಿವರ್ತನೆಗಿಂತ 133 ಮೆಗಾಹರ್ಟ್ಸ್ ಕೆಳಗಿದೆ. ಶಬ್ದದ ಅಲೆಯಿಂದ ಬೆಳಕಿನ ಆವೃತ್ತಿಯನ್ನು ಸರಿಸುವ ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರನ್ನು 60 ಮೆಗಾಹರ್ಟ್ಸ್‌ನಲ್ಲಿ ನಡೆಸಿ ಕಿರಣವನ್ನು ಎರಡು ಬಾರಿ ಹಾಯಿಸಿದರೆ 120 ಮೆಗಾಹರ್ಟ್ಸ್ ಏರುತ್ತದೆ. ಉಳಿಯುವುದು 13 ಮೆಗಾಹರ್ಟ್ಸ್ ಕೆಳಗೆ, ಬಲೆಗೆ ಹೇಳಿ ಮಾಡಿಸಿದ ಜಾಗ. ಪಕ್ಕದ 1 ಮತ್ತು 3ರ ಕ್ರಾಸ್‌ಓವರ್‌ಗೆ ಲಾಕ್ ಜಿಗಿದಿದ್ದರೆ ಅದೇ ಲೆಕ್ಕದಲ್ಲಿ ಬೆಳಕು 90 ಮೆಗಾಹರ್ಟ್ಸ್‌ಗೂ ಹೆಚ್ಚು ಕೆಳಗಿರುತ್ತದೆ. ಮಿನುಗು ಮಾತ್ರ ಹಾಗೆಯೇ ಇರುತ್ತದೆ.

ನಮ್ಮ ಮೇಜಿನ ಮೇಲೆ ಇದು ಒಮ್ಮೆ ನಿಜವಾಗಿಯೇ ನಡೆಯಿತು. ಆಗ ನಾನು ಹೊಸಬ. ಎರಡು ದಿನ ಆರು ಕಿರಣಗಳನ್ನೂ ಮರುಜೋಡಿಸಿದೆ, ಕಿಟಕಿಗಳನ್ನು ಒರೆಸಿದೆ. ಮೂರನೆಯ ದಿನ ಹಿರಿಯರೊಬ್ಬರು ಬಂದು, “ಕನ್ನಡಿ ಆಮೇಲಪ್ಪ, ಮೊದಲು ಲಾಕ್ ಬಿಡಿಸಿ ಸ್ಕೋಪ್ ತೋರಿಸು,” ಎಂದರು. ಶಿಖರಗಳನ್ನು ಬೆರಳಿಟ್ಟು ಎಣಿಸಿ, ಒಂದು ಶಿಖರ ಬಲಕ್ಕೆ ಸರಿಸಿ ಲಾಕ್ ಮಾಡಿಸಿದರು. ಆಮೇಲೂ ಮೋಡ ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾನು ಕಿರಣಗಳನ್ನೆಲ್ಲ ಕೆಡಿಸಿದ್ದೆ. ಅವನ್ನು ಮತ್ತೆ ಕೂಡಿಸಲು ಇನ್ನೂ ಒಂದು ದಿನ ಹಿಡಿಯಿತು.

ಎರಡನೆಯ ಪ್ರಶ್ನೆ ರಿಪಂಪ್ ಲೇಸರ್‌ನದು. ತಂಪುಗೊಳಿಸುವ ಬೆಳಕು ಪರಮಾಣುವನ್ನು ಸಾವಿರಾರು ಬಾರಿ ಮೇಲೆತ್ತಿ ಇಳಿಸುವಾಗ ಒಮ್ಮೊಮ್ಮೆ ಅದು ಎಫ್=1 ಮಟ್ಟಕ್ಕೆ ಬೀಳುತ್ತದೆ. ಆ ಮಟ್ಟ ಎಫ್=2ಕ್ಕಿಂತ 6.8 ಗಿಗಾಹರ್ಟ್ಸ್ ದೂರವಿರುವುದರಿಂದ ಅಲ್ಲಿ ಬಿದ್ದ ಪರಮಾಣುವಿಗೆ ತಂಪುಗೊಳಿಸುವ ಬೆಳಕು ಕಾಣುವುದೇ ಇಲ್ಲ. ರಿಪಂಪ್ ಅದನ್ನು ಮತ್ತೆ ಕೆಲಸಕ್ಕೆ ಎಳೆದುತರುತ್ತದೆ. ಪರೀಕ್ಷೆ ಬಹಳ ಸುಲಭ: ಒಂದು ಕಾಗದದ ತುಂಡಿನಿಂದ ರಿಪಂಪ್ ಕಿರಣವನ್ನು ತಡೆಯಿರಿ. ಕೋಣೆಯೊಳಗಿನ ಮಿನುಗು ಸ್ಪಷ್ಟವಾಗಿ ಮಂಕಾಗಬೇಕು. ಏನೂ ಬದಲಾಗದಿದ್ದರೆ ರಿಪಂಪ್ ತಪ್ಪು ರೇಖೆಯ ಮೇಲಿದೆ, ಇಲ್ಲವೇ ಅದರ ಕಿರಣ ಇತರ ಕಿರಣಗಳೊಂದಿಗೆ ಸೇರುತ್ತಿಲ್ಲ.

ಮೂರನೆಯದು ಕಾಂತಕ್ಷೇತ್ರ. ಎರಡು ಸುರುಳಿಗಳಲ್ಲಿ ವಿದ್ಯುತ್ ವಿರುದ್ಧ ದಿಕ್ಕಿನಲ್ಲಿ ಹರಿದರೆ ಮಾತ್ರ ನಡುವೆ ಶೂನ್ಯ ಬಿಂದು ಹುಟ್ಟುತ್ತದೆ. ಯಾರಾದರೂ ತಂತಿ ಬಿಚ್ಚಿ ಮತ್ತೆ ಜೋಡಿಸಿದ್ದರೆ ಈ ಅನುಮಾನ ಮೊದಲು ಬರಬೇಕು. ಪ್ರವಾಹವನ್ನು ತಗ್ಗಿಸಿ ಒಂದು ಸಾಧಾರಣ ದಿಕ್ಸೂಚಿಯನ್ನು ಒಂದೊಂದು ಸುರುಳಿಯ ಹೊರಮುಖಕ್ಕೆ ಹಿಡಿಯಿರಿ. ಎರಡೂ ಹೊರಮುಖಗಳು ಮುಳ್ಳಿನ ಒಂದೇ ತುದಿಯನ್ನು ಎಳೆದರೆ ಜೋಡಣೆ ಸರಿ. ಬೇರೆ ಬೇರೆ ತುದಿಗಳನ್ನು ಎಳೆದರೆ ಒಂದು ಸುರುಳಿ ತಿರುವುಮುರುವಾಗಿದೆ. ಅಯಾನ್ ಪಂಪ್‌ನ ಅಯಸ್ಕಾಂತ ಹತ್ತಿರವಿದ್ದರೆ ಮುಳ್ಳು ಅದಕ್ಕೂ ತಿರುಗುತ್ತದೆ, ಆದ್ದರಿಂದ ಪ್ರವಾಹ ಹಚ್ಚಿದಾಗ ಆಗುವ ಬದಲಾವಣೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಸೆಂಟಿಮೀಟರಿಗೆ 10ರಿಂದ 20 ಗಾಸ್ ಕಾಂತಕ್ಷೇತ್ರದ ಇಳಿಜಾರು ಸಾಮಾನ್ಯವಾಗಿ ಸಾಕು.

ನಾಲ್ಕನೆಯದು ಧ್ರುವೀಕರಣ, ಅಂದರೆ ಬೆಳಕಿನ ಅಲೆ ಕಂಪಿಸುವ ಅಥವಾ ತಿರುಗುವ ರೀತಿ. ಜೋಡಣೆ ಸರಿಯಿದ್ದೂ ಮೋಡ ಬಾರದಿದ್ದರೆ ವಿದ್ಯುತ್ ಸರಬರಾಜನ್ನು ಆರಿಸಿ, ಎರಡು ಸುರುಳಿಗಳ ಪ್ರವಾಹವನ್ನೂ ಒಟ್ಟಿಗೆ ತಿರುಗಿಸಿ ನೋಡಿರಿ. ಮೋಡ ಬಂದರೆ ಧ್ರುವೀಕರಣಗಳು ಪರಸ್ಪರ ಹೊಂದಿಕೊಂಡಿದ್ದವು, ಕಾಂತಕ್ಷೇತ್ರದ ಚಿಹ್ನೆ ಮಾತ್ರ ತಪ್ಪಿತ್ತು ಎಂದರ್ಥ. ಬಾರದಿದ್ದರೆ ಬೆಳಕನ್ನು ವೃತ್ತೀಯವಾಗಿಸುವ ಕ್ವಾರ್ಟರ್ ವೇವ್ ಪ್ಲೇಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು: ಪ್ಲೇಟ್ ಆದ ಕೂಡಲೇ ಕನ್ನಡಿ ಇಟ್ಟು ಬೆಳಕನ್ನು ಹಿಂದಿರುಗಿಸಿದರೆ, ಕೋನ ಸರಿಯಾಗಿ 45 ಡಿಗ್ರಿ ಇದ್ದಾಗ ಅದೆಲ್ಲ ಧ್ರುವೀಕರಣ ಬೇರ್ಪಡಿಸುವ ಘನದ ಇನ್ನೊಂದು ಬದಿಯಿಂದ ಹೊರಬರುತ್ತದೆ. ಈ ಪರೀಕ್ಷೆ ಬೆಳಕು ವೃತ್ತೀಯವೇ ಎಂದು ಹೇಳುತ್ತದೆಯೇ ಹೊರತು ಎಡಕ್ಕೋ ಬಲಕ್ಕೋ ಎಂದು ಹೇಳುವುದಿಲ್ಲ. ಸುರುಳಿಗಳ ಅಕ್ಷದುದ್ದಕ್ಕೆ ಹೋಗುವ ಜೋಡಿಯ ತಿರುಗುವಿಕೆ ಉಳಿದೆರಡು ಜೋಡಿಗಳದಕ್ಕೆ ವಿರುದ್ಧವಾಗಿರಬೇಕು, ಏಕೆಂದರೆ ಆ ಅಕ್ಷದಲ್ಲಿ ಇಳಿಜಾರಿನ ಚಿಹ್ನೆಯೇ ವಿರುದ್ಧ. ಪ್ಲೇಟನ್ನು 90 ಡಿಗ್ರಿ ತಿರುಗಿಸಿದರೆ ಎಡ ಬಲವಾಗುತ್ತದೆ.

ಈ ನಾಲ್ಕೂ ಸರಿಯಿದ್ದ ಮೇಲೆ ಕನ್ನಡಿಗಳ ಸರದಿ. ಪರದೆಯ ಮೇಲೆ ಏನೋ ಬೆಳ್ಳಗೆ ಕಂಡರೆ ಅದು ಮೋಡವೋ ಗಾಜಿನ ಪ್ರತಿಫಲನವೋ ಎಂದು ತಿಳಿಯಲು ಸಣ್ಣ ಅಯಸ್ಕಾಂತವೊಂದನ್ನು ಕೋಣೆಯ ಹತ್ತಿರ ತನ್ನಿರಿ. ಪ್ರತಿಫಲನ ಅಲುಗಾಡದು, ಮೋಡ ತನ್ನ ಶೂನ್ಯ ಬಿಂದುವಿನ ಹಿಂದೆಯೇ ಮೆತ್ತಗೆ ಸರಿಯುತ್ತದೆ, ಅಯಸ್ಕಾಂತ ದೂರ ಹೋದರೆ ಮರಳಿ ಬರುತ್ತದೆ.

ಲಕ್ಷಣ: ಮೋಡ ಇದೆ, ಆದರೆ ಹಿಂದಿನಷ್ಟು ತುಂಬುವುದಿಲ್ಲ

ಇಲ್ಲಿ ಕಣ್ಣಂದಾಜು ಸಾಲದು, ಮೋಡ ತುಂಬುವ ವೇಗವನ್ನು ಅಳೆಯಬೇಕು. ಸುರುಳಿಯ ಪ್ರವಾಹವನ್ನು ಆರಿಸಿ ಮತ್ತೆ ಹಚ್ಚಿ, ಮೋಡದ ಬೆಳಕನ್ನು ಫೋಟೋಡಯೋಡ್‌ನಲ್ಲಿ ದಾಖಲಿಸಿರಿ. ಗೆರೆ ಮೊದಲು ನೇರವಾಗಿ ಏರಿ, ಆಮೇಲೆ ಬಾಗಿ ಸಮವಾಗುತ್ತದೆ. ಆರಂಭದ ಏರುಗತಿ ಹಿಂದಿನಷ್ಟೇ ಇದ್ದು ಬೇಗ ಬಾಗಿಬಿಟ್ಟರೆ, ಹಿಡಿದ ಪರಮಾಣುಗಳನ್ನು ಯಾರೋ ಹೊರದೂಡುತ್ತಿದ್ದಾರೆ ಎಂದರ್ಥ. ಅದು ಉಳಿಕೆ ಅನಿಲ, ನಿರ್ವಾತ ಕೆಟ್ಟಿದೆ. ಏರುಗತಿಯೇ ಕಡಿಮೆಯಾಗಿ ತುಂಬುವ ಕಾಲ ಕುಗ್ಗದೆ ಅಥವಾ ಹಿಗ್ಗಿ ಕಂಡರೆ ರುಬಿಡಿಯಂ ಆವಿ ಸಾಲುತ್ತಿಲ್ಲ ಅಥವಾ ಬೆಳಕು ಕಡಿಮೆಯಾಗಿದೆ. ಬೆಳಕಿನ ಶಕ್ತಿಯನ್ನು ಮಾಪಕದಿಂದ ನೋಡುವುದು ಒಂದು ನಿಮಿಷದ ಕೆಲಸ. ಫೈಬರ್‌ನ ತುದಿ ಸರಿದಿರುವುದೇ ಬಹುಪಾಲು ಕಾರಣ. ಬೆಳಕು ಸರಿಯಿದ್ದರೆ ಮಾತ್ರ ರುಬಿಡಿಯಂ ಆವಿ ಬಿಡುವ ಡಿಸ್ಪೆನ್ಸರ್‌ನ ಪ್ರವಾಹವನ್ನು ತುಸು ತುಸುವೇ ಏರಿಸಿರಿ, ನಡುವೆ ಹಲವು ನಿಮಿಷ ಕಾಯಿರಿ, ತಯಾರಕರು ಬರೆದ ಮಿತಿಯನ್ನು ಯಾವ ಕಾರಣಕ್ಕೂ ದಾಟಬೇಡಿರಿ. ಅವಸರದಲ್ಲಿ ಹೆಚ್ಚಿಸಿದ ರುಬಿಡಿಯಂ ಗೋಡೆಗಳಿಗೆ ಅಂಟಿ, ಕೋಣೆಯ ಒತ್ತಡವನ್ನು ಬಹುಕಾಲ ಮೇಲೆಯೇ ಇಡುತ್ತದೆ.

ನಿರ್ವಾತದ ಅನುಮಾನ ಬಂದರೆ ಅಯಾನ್ ಪಂಪ್‌ನ ಪ್ರವಾಹವನ್ನು ಹಳೆಯ ಓದುಗಳೊಂದಿಗೆ ಹೋಲಿಸಿರಿ. ಇಂತಹ ಕೋಣೆಗಳು 10⁻⁹ ಟಾರ್ ಆಸುಪಾಸಿನಲ್ಲಿ ಇರುತ್ತವೆ. ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟು ಪಂಪ್ ನಿಂತಿದ್ದರೆ, ಮತ್ತೆ ಹಚ್ಚಿದ ಮೇಲೆ ಓದು ಗಂಟೆ ಗಂಟೆಗೂ ಇಳಿಯುತ್ತಿರಬೇಕು. ಹಾಗಿದ್ದರೆ ಕಾಯುವುದೇ ಚಿಕಿತ್ಸೆ. ಏನೂ ಆಗದೆಯೂ ಓದು ದಿನೇ ದಿನೇ ಏರುತ್ತಿದ್ದರೆ ಸೋರಿಕೆ ಇದೆ. ಇಲ್ಲಿ ನಿಲ್ಲಿಸಬೇಕು. ಕಿಟಕಿಯ ಬೋಲ್ಟುಗಳನ್ನು ಬಿಗಿ ಮಾಡಿ ನೋಡೋಣ ಎಂಬ ಆಸೆ ಬೇಡ. ಗಾಜು ಲೋಹಗಳ ಬೆಸುಗೆ ಬಿರುಕು ಬಿಟ್ಟರೆ ವರ್ಷಗಳ ನಿರ್ವಾತ ಒಂದೇ ಕ್ಷಣದಲ್ಲಿ ಹೋಗುತ್ತದೆ, ಗಾಜು ಒಳಕ್ಕೆ ಸಿಡಿದು ಮುಖಕ್ಕೂ ತಗಲಬಹುದು. ಹೀಲಿಯಂ ಬಳಸಿ ಸೋರಿಕೆ ಹುಡುಕುವ ಅನುಭವವಿರುವವರನ್ನು ಕರೆಯಿರಿ, ಅವರು ಬರುವವರೆಗೆ ಡಿಸ್ಪೆನ್ಸರ್ ಆರಿಸಿಡಿರಿ.

ಲಕ್ಷಣ: ಮೋಡ ಕುಣಿಯುತ್ತದೆ ಅಥವಾ ಆಗಾಗ ಮಾಯವಾಗುತ್ತದೆ

ಎಷ್ಟು ಹೊತ್ತಿಗೊಮ್ಮೆ ಎಂಬುದೇ ಇಲ್ಲಿ ಮುಖ್ಯ ಸುಳಿವು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮಂಕಾಗಿ ಮರಳಿದರೆ ಹವಾನಿಯಂತ್ರಕವನ್ನು ಗಮನಿಸಿರಿ. ಅದು ನಿಂತು ಹೊರಡುವ ತಾಳಕ್ಕೆ ಲೇಸರ್‌ನ ಉಷ್ಣತೆಯೋ ಫೈಬರ್‌ನ ಧ್ರುವೀಕರಣವೋ ಹೊಂದಿಕೊಂಡು ತೂಗುತ್ತಿರುತ್ತದೆ. ಸೆಕೆಂಡಿಗೆ 50 ಬಾರಿ ನಡುಗಿದರೆ ಮೂಲ ವಿದ್ಯುತ್ ಮಾರ್ಗದಲ್ಲಿದೆ: ಭೂಸಂಪರ್ಕ ಎರಡು ಕಡೆ ಸೇರಿರುವುದು, ಟ್ರಾನ್ಸ್‌ಫಾರ್ಮರ್ ಕೋಣೆಗೆ ಹತ್ತಿರವಿರುವುದು. ಸ್ಕೋಪನ್ನು ವಿದ್ಯುತ್ ಮಾರ್ಗದ ಸಂಕೇತಕ್ಕೆ ಟ್ರಿಗರ್ ಮಾಡಿದಾಗ ಅಲೆ ಪರದೆಯ ಮೇಲೆ ನಿಂತರೆ ಅನುಮಾನ ಖಚಿತವಾಗುತ್ತದೆ. ಮೇಜನ್ನು ಬೆರಳಿನಿಂದ ತಟ್ಟಿದಾಗ ಲಾಕ್ ಬಿಟ್ಟರೆ ಲಾಕ್‌ನ ಗೇನ್, ಅಂದರೆ ಜಾರಿದ ಆವೃತ್ತಿಯನ್ನು ತಿದ್ದುವ ಬಲ, ಕಡಿಮೆ. ತಟ್ಟದೆಯೂ ಲಾಕ್‌ನ ಸಂಕೇತ ತಾನಾಗಿ ಗುಂಯ್‌ಗುಟ್ಟುತ್ತಿದ್ದರೆ ಗೇನ್ ಹೆಚ್ಚು. ಲೇಸರ್ ಇದ್ದಕ್ಕಿದ್ದಂತೆ ಗಿಗಾಹರ್ಟ್ಸ್‌ಗಟ್ಟಲೆ ಜಿಗಿಯುತ್ತಿದ್ದರೆ ಅದು ಮೋಡ್ ಹಾಪ್. ಡಯೋಡ್ ಪ್ರವಾಹವನ್ನು ಸ್ವಲ್ಪವೇ ಸರಿಸಿ, ಜಿಗಿತವಿಲ್ಲದ ಹರವಿನ ನಡುವೆ ಕೂರಿಸಿರಿ.

ಮೋಡ ಉಂಗುರದಂತೆ ಸುತ್ತುತ್ತಿದ್ದರೆ ಎದುರುಬದುರು ಕಿರಣಗಳು ಒಂದರ ಮೇಲೊಂದು ಸರಿಯಾಗಿ ಬಿದ್ದಿಲ್ಲ. ಕನ್ನಡಿಯ ತಿರುಪಿಗೆ ಕೈ ಹಾಕಲು ಇದು ನ್ಯಾಯವಾದ ಕಾರಣ.

ಲಕ್ಷಣ: ಮೋಡ ದೊಡ್ಡದಾಗಿದೆ, ತಣ್ಣಗಾಗುತ್ತಿಲ್ಲ

ನಿಖರ ಅಳತೆಗೆ ಹೊರಟವರಿಗೆ ಕಾಡುವುದು ಈ ಕೊನೆಯ ದೋಷ. ಬೆಳಕನ್ನು ಆರಿಸಿ, ಮೋಡ ಬೀಳುತ್ತ ಹರಡುವುದನ್ನು ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಚಿತ್ರ ತೆಗೆದು ಉಷ್ಣತೆ ಲೆಕ್ಕ ಹಾಕುತ್ತೇವೆ. ರುಬಿಡಿಯಂಗೆ ಡಾಪ್ಲರ್ ಮಿತಿ, ಅಂದರೆ ಸರಳ ಸಿದ್ಧಾಂತ ಹೇಳುವ ಕನಿಷ್ಠ ಉಷ್ಣತೆ, 146 ಮೈಕ್ರೊಕೆಲ್ವಿನ್. ಬಹುಕಾಲ ಅದಕ್ಕಿಂತ ಕೆಳಗೆ ಹೋಗಲಾಗದೆಂದೇ ತಿಳಿದಿದ್ದರು. 1988ರಲ್ಲಿ ಅಮೆರಿಕದ ಭೌತವಿಜ್ಞಾನಿ ವಿಲಿಯಂ ಫಿಲಿಪ್ಸ್ ಅವರ ತಂಡ ಸೋಡಿಯಂ ಪರಮಾಣುಗಳಲ್ಲಿ ಸುಮಾರು 40 ಮೈಕ್ರೊಕೆಲ್ವಿನ್ ಕಂಡಿತು. ಸೋಡಿಯಂನ ಡಾಪ್ಲರ್ ಮಿತಿ 240. ಸಿದ್ಧಾಂತ ಹೇಳಿದ್ದಕ್ಕಿಂತ ಒಳ್ಳೆಯ ಫಲಿತಾಂಶ ಬಂದಾಗಲೂ ಅದನ್ನು ದೋಷವನ್ನು ಹುಡುಕುವಷ್ಟೇ ಎಚ್ಚರದಿಂದ ಬೇರೆ ಬೇರೆ ವಿಧಾನಗಳಲ್ಲಿ ಅಳೆದು ನೋಡಿದ ಆ ಶ್ರದ್ಧೆಯನ್ನು ನೆನೆದರೆ ನನಗೆ ಇಂದಿಗೂ ಗೌರವ ಉಕ್ಕುತ್ತದೆ. ಕಿರಣಗಳ ಧ್ರುವೀಕರಣ ಜಾಗದಿಂದ ಜಾಗಕ್ಕೆ ಬದಲಾಗುವುದೇ ಈ ಹೆಚ್ಚಿನ ತಂಪಿಗೆ ಕಾರಣವೆಂದು ಆಮೇಲೆ ತಿಳಿಯಿತು.

ಈ ಬಗೆಯ ತಂಪು ಕಾಂತಕ್ಷೇತ್ರಕ್ಕೆ ಬಹಳ ನಾಜೂಕು. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರವೇ ಸುಮಾರು 0.4 ಗಾಸ್, ಅದನ್ನು ಮೂರು ಜೋಡಿ ಪರಿಹಾರ ಸುರುಳಿಗಳಿಂದ ಅಳಿಸದಿದ್ದರೆ ಉಷ್ಣತೆ ಡಾಪ್ಲರ್ ಮಿತಿಯ ಸುತ್ತಲೇ ನಿಲ್ಲುತ್ತದೆ. ಬಲೆಯ ಸುರುಳಿಯನ್ನು ಆರಿಸಿ, ಬೆಳಕನ್ನು ಮಾತ್ರ ಉಳಿಸಿ, ಮೋಡ ಕರಗುವುದನ್ನು ನೋಡಿರಿ. ಅದು ಒಂದೇ ಪಕ್ಕಕ್ಕೆ ಜಾರಿಹೋದರೆ ಆ ಅಕ್ಷದ ಪರಿಹಾರ ಪ್ರವಾಹವನ್ನು ತಿದ್ದಿರಿ. ಎಲ್ಲ ಕಡೆಗೂ ಸಮನಾಗಿ, ಜೇನಿನಲ್ಲಿ ಹರಡುವ ಹನಿಯಂತೆ ನಿಧಾನವಾಗಿ ಹಬ್ಬಿದರೆ ಕ್ಷೇತ್ರ ಶೂನ್ಯಕ್ಕೆ ಹತ್ತಿರ ಬಂದಿದೆ. ಉಕ್ಕಿನ ಕೋಣೆಯಾಗಿದ್ದರೆ ಸುರುಳಿ ಆರಿದ ಮೇಲೂ ಗೋಡೆಗಳಲ್ಲಿ ಸುಳಿಪ್ರವಾಹಗಳು ಕೆಲವು ಮಿಲಿಸೆಕೆಂಡು ಉಳಿಯುತ್ತವೆ. ತಂಪುಗೊಳಿಸುವ ಕೊನೆಯ ಹಂತವನ್ನು ಅವು ಅಡಗಿದ ಮೇಲೆ ಆರಂಭಿಸಿರಿ. ಇಷ್ಟಾದ ಮೇಲೆ ಬೆಳಕಿನ ಶಕ್ತಿಯನ್ನು ತಗ್ಗಿಸಿ, ಡಿಟ್ಯೂನಿಂಗನ್ನು (ಲೇಸರ್ ಅನುರಣನದಿಂದ ಎಷ್ಟು ದೂರವಿದೆ ಎಂಬ ಅಳತೆಯನ್ನು) ಸಹಜ ಅಗಲದ ಹಲವು ಪಟ್ಟಿಗೆ ಸರಿಸಿ, ಮತ್ತೊಮ್ಮೆ ಮೋಡವನ್ನು ಬೀಳಿಸಿ ಅಳೆಯಿರಿ.